ಲೋಕಾಯುಕ್ತ ದಾಳಿ ಆಯ್ತು, ಆಮೇಲೇನು? ಓದುಗರ ಪ್ರಶ್ನೆಗಳಿಗೆ ವಕೀಲರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಲಂಚ, ಲೋಕಾಯುಕ್ತ, ಸಕಾಲದ (ಸರ್ಕಾರಿ ಸೇವೆ ನಿಗದಿತ ದಿನದೊಳಗೆ ಸಿಗಬೇಕು ಅನ್ನುವ ಕಾಯ್ದೆ) ಸುತ್ತಲೇ ಇವೆ. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ನಾಲ್ಕು ಸಾಲು ಸಾಕು. ಭ್ರಷ್ಟಾಚಾರ ತಡೆ ಕಾಯ್ದೆಯ ಕೇಸುಗಳನ್ನು ನಡೆಸುವ ವಕೀಲೆಯಾಗಿ ನನಗೆ ಗೊತ್ತಿರುವುದನ್ನು ನೇರವಾಗಿ ಬರೆಯುತ್ತೇನೆ.

ಮೇಡಂ, ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಿದ್ದೇನೆ. ಗ್ರಾಮ ಲೆಕ್ಕಿಗರು 8 ಸಾವಿರ ಕೇಳುತ್ತಿದ್ದಾರೆ. ಲೋಕಾಯುಕ್ತಕ್ಕೆ ಹೋದರೆ ನನ್ನ ಮೇಲೇ ಕೇಸ್ ಆಗುತ್ತಾ? ಆಮೇಲೆ ನನ್ನ ಕೆಲಸ ಯಾರು ಮಾಡಿಕೊಡುತ್ತಾರೆ?
– ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಮೊದಲು ಭಯ ಬಿಡಿ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ಬಂದಾಗ ಲಂಚ ಕೊಡುವುದನ್ನೂ ಅಪರಾಧ ಮಾಡಿದರು, ನಿಜ. ಆದರೆ ಅದೇ 8ನೇ ಸೆಕ್ಷನ್ನಿನಲ್ಲಿ ನಿಮ್ಮಂಥವರಿಗೆ ರಕ್ಷಣೆಯೂ ಇದೆ. ಕೊಡುವ ಮೊದಲೇ ಪೊಲೀಸರಿಗೆ ತಿಳಿಸಿ, ಅವರಿಗೆ ನೆರವಾಗಲು ಹಣ ಕೊಟ್ಟರೆ ನಿಮ್ಮ ಮೇಲೆ ಕೇಸ್ ಆಗುವುದಿಲ್ಲ.

ಹೋಗಬೇಕಾದ್ದು ನಿಮ್ಮ ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಠಾಣೆಗೆ. ಅರ್ಜಿ ಹಾಕಿದ ಸ್ವೀಕೃತಿ, ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲದರ ನಕಲು ಜೊತೆಗಿರಲಿ. ನಿಮ್ಮ ಕೆಲಸ ಆ ಅಧಿಕಾರಿಯ ಕೈಯಲ್ಲಿ ಬಾಕಿ ಇತ್ತು ಅನ್ನೋದನ್ನು ಕಾಗದವೇ ಹೇಳಬೇಕು. ದುಡ್ಡು ಕೇಳಿದ್ದು ನಿಜವಾ ಅಂತ ಪೊಲೀಸರು ಮೊದಲು ಖಾತ್ರಿ ಮಾಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಒಂದು ಪುಟ್ಟ ರೆಕಾರ್ಡರ್ ಕೊಟ್ಟು ಮಾತಾಡಿಸಿ ತರಲು ಹೇಳುತ್ತಾರೆ. ಆಮೇಲೆ ಎಫ್‌ಐಆರ್ ಆಗುತ್ತದೆ.

ಟ್ರ್ಯಾಪ್, ಅಂದರೆ ಲಂಚ ತಗೊಳ್ಳುವಾಗಲೇ ಹಿಡಿಯುವ ದಿನ ನಡೆಯುವುದು ಹೀಗೆ. ಬೇರೆ ಇಲಾಖೆಯ ಇಬ್ಬರು ನೌಕರರನ್ನು ಪಂಚರಾಗಿ (ಸಾಕ್ಷಿಗಳಾಗಿ) ಕರೆಸುತ್ತಾರೆ. ನೀವು ತಂದ ನೋಟುಗಳ ನಂಬರ್ ಬರೆದುಕೊಂಡು, ಅವಕ್ಕೆ ಫಿನಾಲ್ಫ್ತಲೀನ್ ಪುಡಿ ಸವರಿ, ಅದನ್ನೆಲ್ಲ ಮಹಜರಿನಲ್ಲಿ ದಾಖಲಿಸುತ್ತಾರೆ. ಪಂಚರಲ್ಲಿ ಒಬ್ಬರು ನಿಮ್ಮ ಜೊತೆಗೇ ಬರುತ್ತಾರೆ, ನಡೆಯೋದನ್ನು ಕಣ್ಣಿಂದ ನೋಡಿ ಕಿವಿಯಿಂದ ಕೇಳೋದು ಅವರ ಕೆಲಸ. ಅಧಿಕಾರಿ ಹಣ ತೆಗೆದುಕೊಂಡ ಕೂಡಲೇ ನೀವು ಮೊದಲೇ ಮಾತಾಡಿಕೊಂಡ ಸನ್ನೆ ಮಾಡುತ್ತೀರಿ. ಪೊಲೀಸರು ಒಳಗೆ ಬಂದು ಅವರ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ತೊಳೆಸುತ್ತಾರೆ. ಪುಡಿ ತಾಗಿದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆ ನೀರನ್ನು ಬಾಟಲಿಗೆ ಹಾಕಿ ಸೀಲ್ ಮಾಡಿ ಲ್ಯಾಬಿಗೆ ಕಳಿಸುತ್ತಾರೆ.

ಇದರಲ್ಲಿ ನೀವು ಮರೆಯಬಾರದ್ದು ಒಂದು. ಅವರು ಬಾಯಿಬಿಟ್ಟು ಕೇಳುವ ತನಕ ನೋಟು ಜೇಬಿಂದ ಹೊರಗೆ ಬರಬಾರದು. ಕೈಗೆ ತುರುಕಿ ಓಡಿಬಂದರೆ ನೀರು ಎಷ್ಟು ಗುಲಾಬಿಯಾದರೂ ಕೋರ್ಟಿನಲ್ಲಿ ಕೇಸ್ ನಿಲ್ಲೋದಿಲ್ಲ. ಹಣ ಸಿಕ್ಕಿದ್ದಷ್ಟೇ ಸಾಲದು, ಕೇಳಿದ್ದು ಸಾಬೀತಾಗಬೇಕು.

ಹಣ ಸಾಮಾನ್ಯವಾಗಿ ದೂರುದಾರರದ್ದೇ. ನೋಟುಗಳು ಸಾಕ್ಷ್ಯವಾಗಿ ಕೋರ್ಟಿಗೆ ಹೋಗುತ್ತವೆ, ವಾಪಸ್ ಪಡೆಯೋದು ಹೇಗೆ ಅಂತ ದೂರು ಕೊಡುವ ದಿನವೇ ಕೇಳಿ ಬರೆದುಕೊಳ್ಳಿ. ಇನ್ನು ನಿಮ್ಮ ಖಾತೆ ಕೆಲಸ. ಟ್ರ್ಯಾಪ್ ಆದ ಮೇಲೆ ಫೈಲ್ ಪೊಲೀಸರ ವಶಕ್ಕೆ ಹೋಗುವುದರಿಂದ ಕೆಲವು ದಿನ ತಡ ಆಗಬಹುದು. ಅದರ ನಕಲಿನ ಆಧಾರದ ಮೇಲೆ ಖಾತೆ ಮಾಡಿಕೊಡಿ ಎಂದು ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಉಪವಿಭಾಗಾಧಿಕಾರಿಗೂ ಒಂದು ಪ್ರತಿ ಕಳಿಸಿ. ಕೇಸ್ ಆದ ಮೇಲೆ ಆ ಫೈಲನ್ನು ಬೇಕಂತಲೇ ತಡೆಯಲು ಯಾರಿಗೂ ಧೈರ್ಯ ಬರೋದಿಲ್ಲ.

ನಾನು ಆಗಲೇ ಕೊಟ್ಟುಬಿಟ್ಟಿದ್ದೇನೆ, ಮೂರು ವಾರ ಆಯಿತು. ಈಗ ಇನ್ನೂ ಕೇಳುತ್ತಿದ್ದಾರೆ.
– ಓದುಗರು, ರಾಯಚೂರು

ಬಲವಂತಕ್ಕೆ ಲಂಚ ಕೊಟ್ಟವರು 7 ದಿನದೊಳಗೆ ತಿಳಿಸಿದರೆ ಮಾತ್ರ ಕಾನೂನಿನ ರಕ್ಷಣೆ. ನಿಮಗೆ ಆ ಅವಧಿ ದಾಟಿದೆ. ಹಾಗಂತ ಸುಮ್ನೆ ಕೂರಬೇಡಿ. ಎರಡನೇ ಕಂತು ಕೊಡುವ ಮೊದಲು ಒಬ್ಬ ವಕೀಲರನ್ನು ಕಂಡು, ಆಮೇಲೆ ಲೋಕಾಯುಕ್ತ ಠಾಣೆಗೆ ಹೋಗಿ. ಮೊದಲು ಕೊಟ್ಟದ್ದನ್ನು ಮುಚ್ಚಿಡಬೇಡಿ, ಅದು ಮುಂದೆ ಕೋರ್ಟಿನಲ್ಲಿ ಹೊರಬಂದರೆ ನಿಮ್ಮ ಮಾತಿಗೇ ಬೆಲೆ ಹೋಗುತ್ತದೆ. ಆಸ್ಪತ್ರೆ ಖರ್ಚಿಗೋ ಮಗಳ ಮದುವೆಗೋ ಜಮೀನು ಖಾತೆ ಆಗಲೇಬೇಕು ಅಂತ ಕೊಟ್ಟವರು ಏಳೇ ದಿನದಲ್ಲಿ ಧೈರ್ಯ ಮಾಡಿ ದೂರು ಬರೆಯಬೇಕು ಅನ್ನೋದು ತೀರಾ ಕಠಿಣ. ಈ ಮಿತಿ ಬದಲಾಗಬೇಕು.

ಕೆಲವು ದಿನಕ್ಕೊಮ್ಮೆ ಟಿವಿಯಲ್ಲಿ ದಾಳಿ, ಚಿನ್ನ, ನೋಟಿನ ಕಂತೆ ನೋಡುತ್ತೇವೆ. ಸ್ವಲ್ಪ ಕಾಲ ಕಳೆದರೆ ಅದೇ ಅಧಿಕಾರಿ ಇನ್ನೊಂದು ಕುರ್ಚಿಯಲ್ಲಿ ಕೂತಿರುತ್ತಾರೆ. ದಾಳಿ ಮಾಡಿ ಏನು ಬಂತು?
– ಎಂಜಿನಿಯರ್, ಬೆಂಗಳೂರು

ನನ್ನ ಪ್ರಕಾರ ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಸರ್ಕಾರ ಯಾವುದೇ ಇರಲಿ, ಭ್ರಷ್ಟಾಚಾರದ ಮೇಲೆ ಸಮರ ಸಾರಿದೆ ಅಂದಾಗ ನಾವು ದಾಳಿಗಳನ್ನು ಎಣಿಸುತ್ತೇವೆ. ಎಣಿಸಬೇಕಾದ್ದು ದಾಳಿ ಆದ ಮೇಲೆ ಫೈಲ್ ಎಲ್ಲಿ ಎಷ್ಟು ದಿನ ಕೂತಿತು ಅನ್ನೋದನ್ನು.

ಬಂಧನವಾಗಿ 48 ಗಂಟೆಗಿಂತ ಜಾಸ್ತಿ ಕಸ್ಟಡಿಯಲ್ಲಿದ್ದರೆ ನೌಕರ ಅಮಾನತಾದಂತೆಯೇ ಲೆಕ್ಕ. ಜಾಮೀನು ಸಿಗುತ್ತದೆ, ತಿಂಗಳುಗಳು ಉರುಳುತ್ತವೆ, ಅಮಾನತು ತೆರವಾಗುತ್ತದೆ. ಈ ಮಧ್ಯೆ ತನಿಖೆ ಮುಗಿದರೂ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವರ ಮೇಲೆ ಕೋರ್ಟಿನಲ್ಲಿ ವಿಚಾರಣೆ ನಡೆಸಲು ಅವರ ಇಲಾಖೆಯ ಅನುಮತಿ ಬೇಕು. ಅನುಮತಿಯನ್ನು ಮೂರು ತಿಂಗಳಲ್ಲಿ, ಕಾನೂನು ಸಲಹೆ ಬೇಕಾದರೆ ಇನ್ನೊಂದು ತಿಂಗಳಲ್ಲಿ ತೀರ್ಮಾನಿಸಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಆದರೆ ಸಹಿ ಹಾಕಬೇಕಾದವರು ಅದೇ ಇಲಾಖೆಯ ಮೇಲಧಿಕಾರಿಗಳು, ಅಲ್ವಾ? ವಿಳಂಬ ಹುಟ್ಟುವುದು ಅಲ್ಲಿಯೇ. 2018ರಲ್ಲಿ ಬಂದ 17ಎ ಸೆಕ್ಷನ್ ಇನ್ನೊಂದು ಬಾಗಿಲು ಹಾಕಿತು: ಅಧಿಕಾರಿ ತನ್ನ ಕರ್ತವ್ಯದಲ್ಲಿ ತೆಗೆದುಕೊಂಡ ತೀರ್ಮಾನದ ಬಗ್ಗೆ ತನಿಖೆ ಶುರು ಮಾಡಲಿಕ್ಕೇ ಮೊದಲು ಸರ್ಕಾರದ ಒಪ್ಪಿಗೆ ಬೇಕು. ಲಂಚ ತೆಗೆದುಕೊಳ್ಳುವಾಗ ಸ್ಥಳದಲ್ಲೇ ಹಿಡಿದರೆ ಇದು ಬೇಕಿಲ್ಲ. ಹಾಗಾಗಿ ಐದು ಸಾವಿರ ತಗೊಂಡ ಗುಮಾಸ್ತ ಬೇಗ ಸಿಗುತ್ತಾನೆ, ಕೋಟಿಗಟ್ಟಲೆ ಟೆಂಡರ್ ತಿರುಚಿದವರ ಹತ್ತಿರ ಹೋಗಲು ಅನುಮತಿ ಪತ್ರ ಕಾಯಬೇಕು.

ವಿಚಾರಣೆಯನ್ನು ಎರಡು ವರ್ಷದಲ್ಲಿ ಮುಗಿಸಲು ಪ್ರಯತ್ನಿಸಬೇಕು, ಎಷ್ಟೇ ಎಳೆದರೂ ನಾಲ್ಕು ವರ್ಷ ದಾಟಬಾರದು ಅಂತಲೂ ಕಾಯ್ದೆ ಹೇಳುತ್ತದೆ. ಕೋರ್ಟಿನಲ್ಲಿ ಓಡಾಡುವವರಿಗೆ ವಾಸ್ತವ ಗೊತ್ತು. ಅಷ್ಟು ವರ್ಷ ಕಳೆಯುವಷ್ಟರಲ್ಲಿ ದೂರುದಾರರ ಜೊತೆ ರಾಜಿ ಆಗಿರುತ್ತದೆ, ಸಾಕ್ಷಿ ಹೇಳುವ ದಿನ ಉಲ್ಟಾ ಹೊಡೆಯುತ್ತಾರೆ. ಈ ಒಂದು ವಿಷಯದಲ್ಲಿ ಒಳ್ಳೆಯ ಬೆಳವಣಿಗೆ ಇದೆ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ, ದೂರುದಾರ ಸತ್ತರೂ ತಿರುಗಿಬಿದ್ದರೂ ಬೇರೆ ಸಾಕ್ಷ್ಯ, ಸನ್ನಿವೇಶಗಳಿಂದ ಲಂಚ ಕೇಳಿದ್ದನ್ನು ಸಾಬೀತು ಮಾಡಬಹುದು ಎಂದಿತು.

ಎಷ್ಟು ಕಾಲ ಹಿಡಿಯುತ್ತದೆ ಅನ್ನೋದಕ್ಕೆ ಬೇಲೇಕೇರಿ ನೋಡಿ. ಕಾರವಾರದ ಹತ್ತಿರದ ಆ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಅದಿರು ಮಾಯವಾದದ್ದು 2010ರಲ್ಲಿ. ಅದನ್ನು ಹಿಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡಲು ಹೊರಟಾಗ ಲೋಕಾಯುಕ್ತರಾಗಿದ್ದ ನ್ಯಾ. ಸಂತೋಷ್ ಹೆಗ್ಡೆ ರಾಜೀನಾಮೆ ಕೊಟ್ಟರು, ಆಮೇಲೆ ವಾಪಸ್ ಪಡೆದರು. ಬೆಂಗಳೂರಿನ ವಿಶೇಷ ನ್ಯಾಯಾಲಯ ಶಾಸಕ ಸತೀಶ್ ಸೈಲ್ ಮತ್ತಿತರರಿಗೆ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ, ಮರು ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿ ಬಂದು 2011ರ ಜುಲೈನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಗಣಿ ಕಂಪನಿಯಿಂದ ಹಣ ಪಡೆದ ಆರೋಪದ ಕೇಸಿನಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ವರದಿಗೆ ಸರ್ಕಾರವನ್ನು ಅಲ್ಲಾಡಿಸುವ ಶಕ್ತಿ ಇದೆ, ಶಿಕ್ಷೆ ಕೊಡಿಸುವ ಶಕ್ತಿ ಬೇರೆಯದೇ. ಅದಕ್ಕೆ ತನಿಖಾಧಿಕಾರಿ, ಲ್ಯಾಬ್, ಸರ್ಕಾರಿ ವಕೀಲರು, ನ್ಯಾಯಾಧೀಶರು ಎಲ್ಲರೂ ಸಾಕಷ್ಟು ಸಂಖ್ಯೆಯಲ್ಲಿ ಇರಬೇಕು. ಆ ಖರ್ಚು ಟಿವಿಯಲ್ಲಿ ಕಾಣೋದಿಲ್ಲ, ಹಾಗಾಗಿ ಯಾವ ಸರ್ಕಾರಕ್ಕೂ ಅದರ ಮೇಲೆ ಅಷ್ಟು ಪ್ರೀತಿ ಇಲ್ಲ.

ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಹೋಗಿ ಮತ್ತೆ ಲೋಕಾಯುಕ್ತ ಬಂದಿದ್ದರಿಂದ ಏನಾದರೂ ಬದಲಾಗಿದೆಯಾ?
– ಪದವಿ ವಿದ್ಯಾರ್ಥಿನಿ, ಶಿವಮೊಗ್ಗ

ಬದಲಾಗಿದೆ. 1984ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಲೋಕಾಯುಕ್ತ. 2016ರ ಮಾರ್ಚ್‌ನಲ್ಲಿ ಬಂದ ಎಸಿಬಿ ಹುಟ್ಟಿದ್ದು ಬರೀ ಒಂದು ಸರ್ಕಾರಿ ಆದೇಶದಿಂದ, ಮತ್ತು ಅದು ಸರ್ಕಾರದ ಕೈಕೆಳಗೇ ಇತ್ತು. ಜೊತೆಗೇ ಲೋಕಾಯುಕ್ತ ಪೊಲೀಸರ ಹತ್ತಿರ ಇದ್ದ ತನಿಖಾ ಅಧಿಕಾರ ಕಿತ್ತುಕೊಂಡರು. ಅದಕ್ಕೆ ದಾರಿ ಮಾಡಿಕೊಟ್ಟಿದ್ದು ಲೋಕಾಯುಕ್ತ ಸಂಸ್ಥೆಯ ಒಳಗೇ ಎದ್ದ ಸುಲಿಗೆಯ ಆರೋಪ ಮತ್ತು 2015ರ ಡಿಸೆಂಬರ್‌ನಲ್ಲಿ ಆಗಿನ ಲೋಕಾಯುಕ್ತರ ರಾಜೀನಾಮೆ. ಆಮೇಲೆ 2017ರ ಜನವರಿ ತನಕ, ಅಂದರೆ ವರ್ಷಕ್ಕೂ ಮೀರಿ, ಆ ಕುರ್ಚಿ ಖಾಲಿ ಇತ್ತು. ಕಾಯಿಲೆ ಬಿದ್ದ ಸಂಸ್ಥೆಗೆ ಔಷಧ ಕೊಡಬೇಕಾದ ಹೊತ್ತಿನಲ್ಲಿ ಅದರ ಕೈಕಾಲು ಕಟ್ಟಿಹಾಕಿದರು. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿ ಕೇಸುಗಳನ್ನೆಲ್ಲ ಲೋಕಾಯುಕ್ತಕ್ಕೆ ಕಳಿಸಿತು.

ಆದರೂ ಪೂರ್ತಿ ನೆಮ್ಮದಿಪಡುವ ಹಾಗಿಲ್ಲ. ಲೋಕಾಯುಕ್ತ ಪೊಲೀಸರು ರಾಜ್ಯ ಪೊಲೀಸ್ ಇಲಾಖೆಯಿಂದ ನಿಯೋಜನೆ ಮೇಲೆ ಬರುತ್ತಾರೆ, ನಾಳೆ ಅಲ್ಲಿಗೇ ವಾಪಸ್ ಹೋಗಬೇಕು. ಸರ್ಕಾರದ ದೊಡ್ಡವರ ವಿರುದ್ಧ ತನಿಖೆ ಮಾಡುವ ಇನ್‌ಸ್ಪೆಕ್ಟರ್‌ಗೆ ತನ್ನ ಮುಂದಿನ ಪೋಸ್ಟಿಂಗ್ ಯಾರ ಕೈಯಲ್ಲಿದೆ ಅನ್ನೋದು ಗೊತ್ತಿರುತ್ತದೆ. ಇಲ್ಲಿಗೆ ಬಂದವರಿಗೆ ನಿಶ್ಚಿತ ಅವಧಿ ಇರಬೇಕು, ಲೋಕಾಯುಕ್ತರ ಒಪ್ಪಿಗೆ ಇಲ್ಲದೆ ಅವರನ್ನು ಎತ್ತಂಗಡಿ ಮಾಡಬಾರದು. ನಾನು ಒಂದೇ ಸುಧಾರಣೆ ಕೇಳಬಹುದು ಅಂದರೆ ಇದನ್ನೇ ಕೇಳುತ್ತೇನೆ.

ಎಲ್ಲ ಆನ್‌ಲೈನ್ ಮಾಡಿದರೆ ಲಂಚ ನಿಲ್ಲುತ್ತಾ?
– ಓದುಗರು, ದುಬೈ

ಅರ್ಧ ನಿಲ್ಲುತ್ತದೆ, ಮತ್ತು ಆ ಅರ್ಧ ಚಿಕ್ಕದೇನಲ್ಲ. ನಿಮ್ಮ ಊರಿನ ಹಿರಿಯರನ್ನು ಕೇಳಿ, ಭೂಮಿ ಯೋಜನೆ ಬರುವ ಮೊದಲು ಒಂದು ಪಹಣಿಗೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಎಷ್ಟು ಅಲೆಯಬೇಕಿತ್ತು ಅಂತ. ಸುಮಾರು ಒಂಬತ್ತು ಸಾವಿರ ಲೆಕ್ಕಿಗರ ಚೀಲದಲ್ಲಿದ್ದ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು, ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಪ್ರಿಂಟ್ ಸಿಗತೊಡಗಿತು. ಪಹಣಿ ಪ್ರತಿ ಪಡೆಯಲು ಕೊಡುತ್ತಿದ್ದ ಲಂಚಕ್ಕೆ ಜಾಗವೇ ಉಳಿಯಲಿಲ್ಲ.

ಆದರೆ ಪಹಣಿಯ ಪ್ರತಿ ಕೊಡೋದರಲ್ಲಿ ಯಾರೂ ತೀರ್ಮಾನ ಮಾಡಬೇಕಿಲ್ಲ. ಖಾತೆ ಬದಲಾವಣೆ, ಪೋಡಿ (ಜಮೀನು ಅಳೆದು ಭಾಗ ಮಾಡೋದು), ಭೂ ಪರಿವರ್ತನೆ ಹಾಗಲ್ಲ. ಅಲ್ಲಿ ಒಬ್ಬರು ಸ್ಥಳಕ್ಕೆ ಹೋಗಬೇಕು, ವರದಿ ಬರೆಯಬೇಕು, ತಕರಾರು ಇದೆಯಾ ಇಲ್ವಾ ಹೇಳಬೇಕು. ಮೇಲಿನ ಚಿತ್ರದುರ್ಗದ ಓದುಗರ ಅರ್ಜಿಯೂ ಕಂಪ್ಯೂಟರಿನಲ್ಲೇ ಇದೆ ನೋಡಿ. ಆ ಒಂದು ವರದಿ ಬರೆಯುವ ಕೈ ಯಾವ ದಿನ ಬರೆಯಿತು, ಯಾಕೆ ತಡ ಮಾಡಿತು ಅನ್ನೋದು ಅರ್ಜಿದಾರರಿಗೆ ಮನೆಯಲ್ಲೇ ಕಾಣಬೇಕು.

ಸಕಾಲದಲ್ಲಿ ಹಾಕಿದ ಅರ್ಜಿ ಅವಧಿ ಮೀರಿದೆ. ಪರಿಹಾರ ಸಿಗುತ್ತಾ?
– ಗೃಹಿಣಿ, ಹಾವೇರಿ

ಕಾಯ್ದೆಯಲ್ಲಿ ಇದೆ. ದಿನಕ್ಕೆ 20 ರೂಪಾಯಿ, ಗರಿಷ್ಠ 500. ಅದು ತಡ ಮಾಡಿದ ನೌಕರರ ಸಂಬಳದಿಂದಲೇ ಹೋಗಬೇಕು. 2012ರಲ್ಲಿ ಶುರುವಾದಾಗಿನ ಮೊತ್ತ ಇದು, ಬಸ್ ಚಾರ್ಜಿಗೂ ಸಾಲದು. ಆದರೂ ಸ್ವೀಕೃತಿಯಲ್ಲಿರುವ ಜಿಎಸ್‌ಸಿ ನಂಬರ್ (ಸಕಾಲ ಅರ್ಜಿಯ ಗುರುತಿನ ಸಂಖ್ಯೆ) ಹಾಕಿ ಮೇಲ್ಮನವಿ ಕೊಡಿ. ಹಣಕ್ಕಿಂತ ಆ ದಾಖಲೆಗೆ ಜಾಸ್ತಿ ಬೆಲೆ, ಮುಂದೆ ಲಂಚದ ಮಾತು ಬಂದರೆ ತಡ ಮಾಡಿದ್ದು ಯಾರು ಅನ್ನೋದಕ್ಕೆ ಅದೇ ಸಾಕ್ಷಿ.

ನಾನು ಪ್ರಥಮ ದರ್ಜೆ ಸಹಾಯಕಿ. ಮೇಲಿನವರಿಗೆ ಹಣ ಸಂಗ್ರಹಿಸಿ ಕೊಡಲು ಒತ್ತಡ ಇದೆ. ದೂರು ಕೊಟ್ಟರೆ ನನಗೆ ರಕ್ಷಣೆ ಇದೆಯಾ?
– ಹೆಸರು, ಊರು ಬೇಡ

ಅಮ್ಮಾ, ನಿಮಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಅಕ್ರಮ ಬಯಲು ಮಾಡುವವರ ರಕ್ಷಣೆಗೆ ಸಂಸತ್ತು 2014ರಲ್ಲಿ ಕಾಯ್ದೆ ಮಾಡಿತು, ಅದನ್ನು ಜಾರಿಗೆ ತರಲೇ ಇಲ್ಲ. ನಿಮ್ಮಂಥವರ ವಿಷಯದಲ್ಲಿ ಎಲ್ಲ ಪಕ್ಷಗಳ ಸರ್ಕಾರಗಳೂ ಮಾಡಿರುವ ದೊಡ್ಡ ಅನ್ಯಾಯ ಇದು.

ಈಗ ನಿಮ್ಮ ಕೈಯಲ್ಲಿರುವುದು ಇಷ್ಟು. ಬಾಯಿಮಾತಿನ ಆದೇಶಕ್ಕೆ ಒಪ್ಪಬೇಡಿ, ಟಿಪ್ಪಣಿಯಲ್ಲಿ ಬರೆದುಕೊಡಿ ಎನ್ನಿ. ಯಾರ ಹಣವನ್ನೂ ಒಂದು ದಿನದ ಮಟ್ಟಿಗೂ ಕೈಯಲ್ಲಿ ಇಟ್ಟುಕೊಳ್ಳಬೇಡಿ, ಟ್ರ್ಯಾಪ್ ಆದರೆ ಮೊದಲು ಸಿಗುವವರು ನೀವೇ, ಮೇಲಿನವರು ನಿಮ್ಮ ಹೆಸರು ಹೇಳಿ ಪಾರಾಗುತ್ತಾರೆ. ಯಾವ ದಿನ ಯಾರು ಏನು ಹೇಳಿದರು ಎಂದು ಮನೆಯಲ್ಲಿ ಬರೆದಿಡಿ. ಧೈರ್ಯ ಬಂದ ದಿನ ಕಚೇರಿಯಿಂದ ಫೋನ್ ಮಾಡದೆ, ನೇರವಾಗಿ ಲೋಕಾಯುಕ್ತ ಎಸ್‌ಪಿಯವರನ್ನು ಕಾಣಿ.

ನಮ್ಮ ತಾಲ್ಲೂಕಿನಲ್ಲಿ ಟ್ರ್ಯಾಪ್ ಆದವರು ವಾಪಸ್ ಬಂದಿದ್ದಾರೆ. ನಾವು ಊರಿನವರು ಏನು ಮಾಡಬಹುದು?
– ರೈತ, ವಿಜಯಪುರ ಜಿಲ್ಲೆ

ಆರ್‌ಟಿಐ ಹಾಕಿ. ಲೋಕಾಯುಕ್ತ ಪೊಲೀಸರನ್ನು ಕೇಳಿದರೆ ತನಿಖೆಯ ಕಾರಣ ಹೇಳಿ ನಿರಾಕರಿಸಬಹುದು, ಹಾಗಾಗಿ ಆ ನೌಕರರ ಮಾತೃ ಇಲಾಖೆಗೇ ಹಾಕಿ. ಕೇಳಬೇಕಾದ್ದು ಬರೀ ದಿನಾಂಕಗಳು: ವಿಚಾರಣೆಗೆ ಅನುಮತಿ ಕೇಳಿದ ಪತ್ರ ಬಂದದ್ದು ಯಾವಾಗ, ತೀರ್ಮಾನ ಆದದ್ದು ಯಾವಾಗ, ಅಮಾನತು ತೆರವು ಮಾಡಿದ ಆದೇಶದ ನಕಲು, ಇಲಾಖಾ ವಿಚಾರಣೆ ಈಗ ಯಾವ ಹಂತದಲ್ಲಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿ 150 ಪದದೊಳಗಿರಲಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಬಹುದು. ಊರಿನ ನಾಲ್ಕು ಜನ ಬೇರೆ ಬೇರೆಯಾಗಿ ಹಾಕಿದರೆ ಇನ್ನೂ ಒಳ್ಳೆಯದು.