ಮೆಲ್ಬರ್ನ್‌ಗೆ ಹೊರಟಿದ್ದೀರಾ? ಬಡಾವಣೆಗಳಿಗೂ ಸ್ವಲ್ಪ ದಿನ ಇಟ್ಟುಕೊಳ್ಳಿ

ಮಗನ ಮನೆಗೆ, ಮಗಳ ಬಾಣಂತನಕ್ಕೆ, ಇಲ್ಲವೇ ಆಫೀಸ್ ಕೆಲಸಕ್ಕೆ ನಾಲ್ಕು ದಿನ ರಜೆ ಸೇರಿಸಿಕೊಂಡು ಕರ್ನಾಟಕದಿಂದ ಮೆಲ್ಬರ್ನ್‌ಗೆ ಬರುವವರು ಈಗ ತುಂಬಾ ಜನ. 2021ರ ಜನಗಣತಿಯಲ್ಲಿ, ವಿಕ್ಟೋರಿಯಾ ರಾಜ್ಯದಲ್ಲಿರುವ ಹೊರದೇಶದಲ್ಲಿ ಹುಟ್ಟಿದವರ ಪೈಕಿ ಭಾರತದವರೇ ಎಲ್ಲರಿಗಿಂತ ಹೆಚ್ಚಿದ್ದರು. ಇಲ್ಲೇ ನೆಲೆಸಿ, ಬಂದ ನೆಂಟರಿಷ್ಟರನ್ನೆಲ್ಲ ಓಡಾಡಿಸಿ ಅಭ್ಯಾಸವಾಗಿರುವುದರಿಂದ ಈ ಬಾರಿಯ ಪ್ರಶ್ನೆಗಳು ನನ್ನ ಪಾಲಿಗೆ ಬಂದಿವೆ.

ಪ್ರಶ್ನೆ: ನಾವಿಬ್ಬರೂ ನಿವೃತ್ತ ಶಿಕ್ಷಕರು. ಟಾರ್ನೀಟ್‌ನಲ್ಲಿರುವ ಮಗನ ಮನೆಗೆ ಮೂರು ತಿಂಗಳು ಹೋಗುತ್ತಿದ್ದೇವೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ನಾವೇ ಓಡಾಡಬಹುದಾ? – ಮೈಸೂರಿನ ದಂಪತಿ

ಖಂಡಿತ ಓಡಾಡಬಹುದು. ಅದೂ ಮೊದಲ ವಾರವೇ ಶುರು ಮಾಡಿ. ಟಾರ್ನೀಟ್‌ನಂಥ ಹೊಸ ಬಡಾವಣೆಗಳಲ್ಲಿ ಹಗಲು ಹೊತ್ತು ಬೀದಿಯಲ್ಲಿ ನರಪಿಳ್ಳೆಯೂ ಕಾಣುವುದಿಲ್ಲ. ಶನಿವಾರ ಬರಲಿ, ಮಗ ಕಾರು ತೆಗೆಯಲಿ ಎಂದು ಕಾಯುತ್ತಾ ಕೂತರೆ ಮೂರು ತಿಂಗಳು ಕಿಟಕಿ ಪಕ್ಕದಲ್ಲೇ ಕಳೆದುಹೋಗುತ್ತದೆ. ಇಲ್ಲಿಗೆ ಬರುವ ಎಷ್ಟೋ ಹಿರಿಯರು "ಊರೇನೋ ಚೆನ್ನಾಗಿದೆ, ಆದರೆ ಹೊತ್ತು ಹೋಗಲಿಲ್ಲ" ಅನ್ನುವುದು ಇದಕ್ಕೇ.

ಬೇಕಾದದ್ದು ಒಂದು ಮೈಕಿ ಕಾರ್ಡ್. ರೈಲು, ಟ್ರಾಮ್, ಬಸ್ಸು ಮೂರಕ್ಕೂ ಅದೇ. ದೊಡ್ಡ ಸ್ಟೇಷನ್‌ಗಳಲ್ಲಿ, ಸೆವೆನ್-ಇಲೆವೆನ್ ಅಂಗಡಿಗಳಲ್ಲಿ ಸಿಗುತ್ತದೆ. ದಿನಕ್ಕೆ ಎಷ್ಟೇ ಸುತ್ತಿದರೂ ಸುಮಾರು 11 ಡಾಲರ್‌ಗಿಂತ ಹೆಚ್ಚು ಕಡಿತವಾಗುವುದಿಲ್ಲ, ಶನಿವಾರ ಭಾನುವಾರ ಇನ್ನೂ ಕಡಿಮೆ. ಇಲ್ಲಿನ ಹಿರಿಯ ನಾಗರಿಕರ ರಿಯಾಯಿತಿ ಪ್ರವಾಸಿಗರಿಗೆ ಇಲ್ಲ, ಹಾಗಾಗಿ ಪೂರ್ತಿ ದರದ ಕಾರ್ಡನ್ನೇ ತೆಗೆದುಕೊಳ್ಳಿ. ರೈಲಿಗೆ ಹತ್ತುವಾಗಲೂ ಇಳಿದ ಮೇಲೂ ಕಾರ್ಡ್ ಮುಟ್ಟಿಸಬೇಕು. ಟಾರ್ನೀಟ್‌ನಿಂದ ಸದರ್ನ್ ಕ್ರಾಸ್ ಸ್ಟೇಷನ್‌ಗೆ ನೇರ ರೈಲಿದೆ. ಬೆಳಗಿನ ಆಫೀಸ್ ಹೊತ್ತಿನಲ್ಲಿ ಹತ್ತಬೇಡಿ, ನಿಂತೇ ಹೋಗಬೇಕಾಗುತ್ತದೆ. ಹತ್ತು ಗಂಟೆ ಮೇಲೆ ಹೊರಟರೆ ಆರಾಮ.

ನಗರದ ನಡುಭಾಗದಲ್ಲಿ 2015ರಿಂದ ಟ್ರಾಮ್ ಪೂರ್ತಿ ಉಚಿತ. ಆ ಗಡಿಯೊಳಗೆ ಕಾರ್ಡ್ ಮುಟ್ಟಿಸಲೇಬೇಡಿ, ಸುಮ್ನೆ ದುಡ್ಡು ಹೋಗುತ್ತದೆ. ಆದರೆ ಗಡಿ ಮುಗಿಯಿತು ಎಂದು ಟ್ರಾಮ್‌ನಲ್ಲಿ ಹೇಳುವುದನ್ನು ಕಿವಿಗೊಟ್ಟು ಕೇಳಿ. ಒಂದು ಸ್ಟಾಪ್ ಆಚೆ ಹೋಗಿ ತಪಾಸಣೆಯವರ ಕೈಗೆ ಸಿಕ್ಕರೆ ಸುಮಾರು 300 ಡಾಲರ್ ದಂಡ. 'ಹೊಸಬರು, ಗೊತ್ತಿರಲಿಲ್ಲ' ಎಂದರೆ ಬಿಡುತ್ತಾರೆ ಅಂದುಕೊಳ್ಳಬೇಡಿ.

ಸ್ಟೇಟ್ ಲೈಬ್ರರಿಯಿಂದ ಶುರು ಮಾಡಿ. ಅದರ ಗುಮ್ಮಟದ ಓದುವ ಕೋಣೆ 1913ರದ್ದು. ಪ್ರವೇಶಕ್ಕೆ ದುಡ್ಡಿಲ್ಲ, ಎಷ್ಟು ಹೊತ್ತು ಕೂತರೂ ಎದ್ದೇಳಿ ಅನ್ನುವವರಿಲ್ಲ, ಶೌಚಾಲಯವೂ ಚೊಕ್ಕಟ. ವಿಕ್ಟೋರಿಯಾ ರಾಷ್ಟ್ರೀಯ ಗ್ಯಾಲರಿಯ ಕಾಯಂ ಸಂಗ್ರಹ, ಬೊಟಾನಿಕ್ ಗಾರ್ಡನ್, ಯುದ್ಧ ಸ್ಮಾರಕ ಇವೂ ಉಚಿತ. ಕ್ವೀನ್ ವಿಕ್ಟೋರಿಯಾ ಮಾರ್ಕೆಟ್‌ಗೆ ಸೋಮವಾರ, ಬುಧವಾರ ಮಾತ್ರ ಹೋಗಬೇಡಿ, ಆ ಎರಡು ದಿನ ಬಾಗಿಲು ಹಾಕಿರುತ್ತದೆ. ದೂರ ಹೋಗಲು ಮನಸ್ಸಿಲ್ಲದ ದಿನಕ್ಕೆ ನಿಮ್ಮ ಟಾರ್ನೀಟ್‌ನಲ್ಲೇ ಜೂಲಿಯಾ ಗಿಲಾರ್ಡ್ ಹೆಸರಿನ ಲೈಬ್ರರಿ ಇದೆ. ಮಾಜಿ ಪ್ರಧಾನಿಯ ಕ್ಷೇತ್ರ ಈ ಕಡೆಯದೇ. ಲೈಬ್ರರಿ ಅಂದರೆ ಇಲ್ಲಿ ಪುಸ್ತಕದ ಕಪಾಟು ಮಾತ್ರ ಅಲ್ಲ, ನಾಲ್ಕು ಜನ ಸೇರುವ ಜಾಗ. ನಿಮ್ಮಂತೆಯೇ ಮಗನ ಮನೆಗೆ ಬಂದ ಪಂಜಾಬಿನ, ಆಂಧ್ರದ ಹಿರಿಯರು ಅಲ್ಲಿ ಸಿಕ್ಕೇ ಸಿಗುತ್ತಾರೆ. ಮೆಲ್ಬರ್ನ್ ಕನ್ನಡ ಸಂಘದ ಕಾರ್ಯಕ್ರಮಗಳ ಮೇಲೂ ಒಂದು ಕಣ್ಣಿಡಿ.

ಹೊರಡುವ ಮೊದಲು ಒಂದು ಕೆಲಸವನ್ನು ಮಾತ್ರ ಮುಂದೂಡಬೇಡಿ: ಆರೋಗ್ಯ ವಿಮೆ. ಇಲ್ಲಿನ ಸರ್ಕಾರದ ಮೆಡಿಕೇರ್ ಭಾರತದಿಂದ ಬರುವ ಪ್ರವಾಸಿಗರಿಗೆ ಅನ್ವಯಿಸುವುದಿಲ್ಲ. ಆಂಬುಲೆನ್ಸ್‌ಗೂ ಬಿಲ್ ಬರುತ್ತದೆ, ಅದು ಸಾವಿರ ಡಾಲರ್ ದಾಟಬಹುದು. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ವಿಮೆಯ ಅರ್ಜಿಯಲ್ಲಿ ಮುಚ್ಚಿಡಬೇಡಿ. ಮಾತ್ರೆಗಳನ್ನು ಮೂರು ತಿಂಗಳಿಗೆ ಆಗುವಷ್ಟು, ಇಂಗ್ಲಿಷ್‌ನಲ್ಲಿ ಬರೆದ ಡಾಕ್ಟರ ಚೀಟಿಯ ಜೊತೆ ತನ್ನಿ. ತುರ್ತು ಕರೆಗೆ 000. ಅಷ್ಟು ತುರ್ತಲ್ಲದ, ಆದರೆ ಗಾಬರಿಯಾಗುವ ಸಮಸ್ಯೆಗೆ 1300 60 60 24ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ನರ್ಸ್ ಜೊತೆ ಮಾತಾಡಬಹುದು.

ಪ್ರಶ್ನೆ: ಮಗಳ ಬಾಣಂತನಕ್ಕೆ ಹೊರಟಿದ್ದೇನೆ. ಅಂಟಿನ ಉಂಡೆ, ಮನೆ ತುಪ್ಪ, ಕರಿಬೇವು, ಅಳಿಯನಿಗೆ ಧಾರವಾಡ ಪೇಡ ಒಯ್ಯಬಹುದೇ? ಏರ್‌ಪೋರ್ಟ್‌ನಲ್ಲಿ ಎಲ್ಲ ಬಿಸಾಡುತ್ತಾರೆ ಅಂತ ಹೆದರಿಸಿದ್ದಾರೆ. – ದಾವಣಗೆರೆಯ ಓದುಗರು

ಬಿಸಾಡುವುದಕ್ಕೆ ಹೆದರಬೇಡಿ, ಹೇಳದೇ ಇರುವುದಕ್ಕೆ ಹೆದರಿ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಆಹಾರ ಪದಾರ್ಥ ಇದೆಯೇ ಎಂಬ ಪ್ರಶ್ನೆ ಇರುತ್ತದೆ. ಅದಕ್ಕೆ 'ಹೌದು' ಎಂದು ಗುರುತು ಹಾಕಿಬಿಡಿ. ಹಾಗೆ ಹೇಳಿದ ಮೇಲೆ ಅಧಿಕಾರಿಗಳು ಏನನ್ನಾದರೂ ತೆಗೆದಿಟ್ಟುಕೊಂಡರೂ ದಂಡವಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸಾವಿರಾರು ಡಾಲರ್ ದಂಡ ಬೀಳಬಹುದು, ವೀಸಾ ಕೂಡ ರದ್ದಾಗಬಹುದು. ದನಕರುಗಳ ಕಾಲುಬಾಯಿ ಜ್ವರ ಆಸ್ಟ್ರೇಲಿಯಾದಲ್ಲಿಲ್ಲ. ಅದು ಒಳಗೆ ಬಂದರೆ ಅವರ ಹಾಲು, ಮಾಂಸದ ವ್ಯಾಪಾರವೇ ನೆಲಕಚ್ಚುತ್ತದೆ. ಅದಕ್ಕೇ ಈ ಬಿಗಿ.

ಹಾಗಾಗಿ ಪೇಡ ಬೇಡ. ಹಾಲಿನ ಯಾವ ಸಿಹಿಯೂ ಬೇಡ. ಹಸಿ ಕರಿಬೇವು, ವೀಳ್ಯದೆಲೆ, ಹಣ್ಣು, ಬಿತ್ತುವ ಬೀಜ ಇವೂ ಬೇಡ. ಮನೆಯಲ್ಲಿ ಮಾಡಿದ ಉಂಡೆಗಿಂತ ಅಂಗಡಿಯಲ್ಲಿ ಸೀಲ್ ಮಾಡಿದ, ಏನೇನಿದೆ ಎಂದು ಇಂಗ್ಲಿಷ್‌ನಲ್ಲಿ ಅಚ್ಚಾದ ಪೊಟ್ಟಣ ಸುಲಭವಾಗಿ ಪಾರಾಗುತ್ತದೆ. ನಿಜ ಹೇಳಬೇಕೆಂದರೆ ಇಷ್ಟು ಕಷ್ಟಪಡುವ ಅಗತ್ಯವೇ ಇಲ್ಲ. ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ತುಪ್ಪ, ಒಣಕೊಬ್ಬರಿ, ಬೆಲ್ಲ, ರಾಗಿ ಹಿಟ್ಟು ಎಲ್ಲ ಇದೆ. ಹಸಿ ಕರಿಬೇವೂ ಸಿಗುತ್ತದೆ, ಬೆಲೆ ಕೇಳಿದರೆ ಮಾತ್ರ ಎದೆ ಧಸಕ್ ಅನ್ನುತ್ತದೆ. ಉಂಡೆಯನ್ನು ಇಲ್ಲೇ ಕಟ್ಟಿ. ಸಾರಿನ ಪುಡಿಯ ಹದ ನಿಮ್ಮ ಕೈಯಲ್ಲಿದೆ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ಸಿಡ್ನಿ ಮೂಲಕ ಬರುವವರಾದರೆ ಇನ್ನೊಂದು ವಿಷಯ. ಇಮಿಗ್ರೇಷನ್, ಲಗೇಜು ತಪಾಸಣೆ ಎಲ್ಲ ಸಿಡ್ನಿಯಲ್ಲೇ ಮುಗಿಯುತ್ತದೆ. ಅಲ್ಲಿ ಪೆಟ್ಟಿಗೆ ತೆಗೆದುಕೊಂಡು ಮತ್ತೆ ಒಪ್ಪಿಸಬೇಕು. ನಡುವೆ ಎರಡು ಮೂರು ಗಂಟೆ ಬಿಡುವು ಇರುವ ಟಿಕೆಟ್ ಮಾಡಿಸಲು ಮಗಳಿಗೆ ಹೇಳಿ.

ಹೊರಡುವ ಮೊದಲು ನಾಯಿಕೆಮ್ಮಿನ ಲಸಿಕೆ ಹಾಕಿಸಿಕೊಳ್ಳಿ. ಹಸುಗೂಸನ್ನು ಎತ್ತಿಕೊಳ್ಳುವ ಅಜ್ಜಿ ತಾತಂದಿರಿಗೆ ಇಲ್ಲಿನ ಡಾಕ್ಟರುಗಳು ಇದನ್ನು ತಪ್ಪದೇ ಹೇಳುತ್ತಾರೆ, ಮಗುವನ್ನು ನೋಡುವುದಕ್ಕೆ ಕನಿಷ್ಠ ಎರಡು ವಾರ ಮೊದಲು ಆಗಿರಬೇಕು. ಹೆರಿಗೆಯಾದ ಮೇಲೆ ಸ್ಥಳೀಯ ಆಡಳಿತದ ನರ್ಸ್ ಮನೆಗೇ ಬಂದು ತಾಯಿ, ಮಗು ಇಬ್ಬರನ್ನೂ ನೋಡುತ್ತಾರೆ, ಅದು ಉಚಿತ. ಮಗುವನ್ನು ಅಂಗಾತ ಮಲಗಿಸಿ, ತೊಟ್ಟಿಲಲ್ಲಿ ದಿಂಬು, ಸಡಿಲ ಹೊದಿಕೆ ಇಡಬೇಡಿ ಅನ್ನುತ್ತಾರೆ. ನಮ್ಮ ರೂಢಿಗೂ ಇದಕ್ಕೂ ಅಲ್ಲಲ್ಲಿ ತಿಕ್ಕಾಟವಾಗುತ್ತದೆ. ಮಗು ಮಲಗಿಸುವ ವಿಷಯದಲ್ಲಿ ನರ್ಸ್ ಮಾತು ಕೇಳಿ. ಬಿಸಿನೀರು, ಎಣ್ಣೆ, ಮೆಣಸಿನ ಸಾರು ನಿಮ್ಮ ಇಲಾಖೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾಲ್ಕೇ ದಿನ ಇರುತ್ತೇನೆ. ಗ್ರೇಟ್ ಓಷನ್ ರೋಡ್, ಪೆಂಗ್ವಿನ್, ಸಿಟಿ ಎಲ್ಲ ನೋಡಬೇಕು. ಶುದ್ಧ ಸಸ್ಯಾಹಾರಿ. – ಹುಬ್ಬಳ್ಳಿಯ ಸಾಫ್ಟ್‌ವೇರ್ ಉದ್ಯೋಗಿ

ದೂರದ ಎರಡರಲ್ಲಿ ಒಂದನ್ನು ಬಿಟ್ಟುಬಿಡಿ. ಫಿಲಿಪ್ ದ್ವೀಪದ ಪೆಂಗ್ವಿನ್‌ಗಳು ದಡಕ್ಕೆ ಬರುವುದು ಸೂರ್ಯ ಮುಳುಗಿದ ಮೇಲೆ. ಡಿಸೆಂಬರ್‌ನಲ್ಲಿ ಅದು ರಾತ್ರಿ ಒಂಬತ್ತರ ಹತ್ತಿರ. ಆಮೇಲೆ ಸುಮಾರು 140 ಕಿಲೋಮೀಟರ್ ವಾಪಸ್ ಬರಬೇಕು. ಅಲ್ಲಿ ಫೋಟೊ ತೆಗೆಯುವಂತೆಯೂ ಇಲ್ಲ. ನನ್ನ ಆಯ್ಕೆ ಗ್ರೇಟ್ ಓಷನ್ ರೋಡ್. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ ಬಂಡೆ ಕಡಿದು ಮಾಡಿದ ರಸ್ತೆ ಅದು. ಒಂದೇ ದಿನದ ಟೂರ್ ಬಸ್ಸಿನಲ್ಲಿ ಬೆಳಿಗ್ಗೆ ಹೊರಟರೆ ಬರುವುದು ರಾತ್ರಿಯೇ. ಕೊನೆಯಲ್ಲಿ ಕಾಣುವ 'ಟ್ವೆಲ್ವ್ ಅಪೊಸಲ್ಸ್' ಎಂಬ ಸಮುದ್ರದ ಬಂಡೆಗಳ ಹೆಸರಿನಲ್ಲಿ ಹನ್ನೆರಡಿದೆ, ಕಣ್ಣಿಗೆ ಅಷ್ಟು ಸಿಗುವುದಿಲ್ಲ. 2005ರಲ್ಲಿ ಒಂದು ಕುಸಿದೇ ಹೋಯಿತು.

ಉಳಿದ ಮೂರು ದಿನ ಸಿಟಿಯ ನಡುವೆ ಎತ್ತರದ ಕಟ್ಟಡ ನೋಡುತ್ತಾ ಕಳೆಯಬೇಡಿ. ಈ ಊರಿನ ಜೀವ ಇರುವುದು ಬಡಾವಣೆಗಳಲ್ಲಿ. ಬಂದ ಬಂದ ಜನ ಒಂದೊಂದು ಬೀದಿ ಹಿಡಿದು ನೆಲೆಸಿದ್ದಾರೆ. ಮೊದಲ ದಿನ ಮಾತ್ರ ನಗರದಲ್ಲಿರಿ. 1850ರ ದಶಕದ ಚಿನ್ನದ ಹುಚ್ಚಿನಲ್ಲಿ ಬಂದ ಚೀನೀಯರು ಲಿಟಲ್ ಬರ್ಕ್ ಸ್ಟ್ರೀಟ್‌ನಲ್ಲಿ ಕಟ್ಟಿಕೊಂಡ ಚೈನಾಟೌನ್ ನೋಡಿ, ಅಲ್ಲಿಂದ ಹಳೆಯ ಕಸ್ಟಮ್ಸ್ ಹೌಸ್‌ನಲ್ಲಿರುವ ಇಮಿಗ್ರೇಷನ್ ಮ್ಯೂಸಿಯಂಗೆ ಹೋಗಿ. 1901ರ ಕಾನೂನಿನ ಪ್ರಕಾರ, ಬೇಡವಾದವರನ್ನು ಹೊರಗಿಡಲು ಯುರೋಪಿನ ಯಾವುದೋ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಡುತ್ತಿದ್ದರು. ಪಾಸಾಗಬಾರದು ಎಂದೇ ಭಾಷೆ ಆರಿಸುತ್ತಿದ್ದರು! ಬಿಳಿಯರಿಗೆ ಮಾತ್ರ ಎಂಬ ಆ ನೀತಿಯ ಕೊನೆಯ ಕುರುಹು ಹೋದದ್ದು 1973ರಲ್ಲಿ. ಅದನ್ನು ತಿಳಿದುಕೊಂಡು ಬಡಾವಣೆಗಳಿಗೆ ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಹೊತ್ತಿದ್ದರೆ ಮೆಲ್ಬರ್ನ್ ಮ್ಯೂಸಿಯಂನ ಬುಂಜಿಲಾಕಾ ವಿಭಾಗವನ್ನೂ ನೋಡಿ. ಇವರೆಲ್ಲರಿಗಿಂತ ಸಾವಿರಾರು ವರ್ಷ ಮೊದಲಿನಿಂದ ಈ ನೆಲದಲ್ಲಿರುವ ಕುಲಿನ್ ಜನ ತಮ್ಮ ಕಥೆ ತಾವೇ ಹೇಳಿರುವ ಜಾಗ ಅದು.

ಎರಡನೇ ದಿನ ರೈಲು ಹತ್ತಿ ಫುಟ್ಸ್‌ಕ್ರೇಗೆ. ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಬಂದವರ ಅಂಗಡಿಗಳ ಪಕ್ಕದಲ್ಲೇ ಇಥಿಯೋಪಿಯಾದವರ ಹೋಟೆಲುಗಳಿವೆ. ನಿಮ್ಮ ಊಟ ಅಲ್ಲೇ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು ಮುಟ್ಟದೆ ಉಪವಾಸ ಮಾಡುವುದರಿಂದ ಬೇಳೆ, ಸೊಪ್ಪು, ಕೋಸಿನ ಪಲ್ಯಗಳ ಒಂದು ದೊಡ್ಡ ತಟ್ಟೆಯೇ ಅವರ ಅಡುಗೆಯಲ್ಲಿದೆ. 'ಬೆಯಾಯ್ನೆತು' ಎಂದು ಕೇಳಿ. ಕೆಳಗೆ ಹಾಸಿರುವ ಇಂಜೆರಾ, ಹುಳಿ ಜಾಸ್ತಿಯಾದ ನಮ್ಮ ದೋಸೆಯಂತೆಯೇ ಇರುತ್ತದೆ. ಕೈಯಲ್ಲೇ ಮುರಿದು ತಿನ್ನುವುದು. ವಿಯೆಟ್ನಾಂ ಹೋಟೆಲಿನಲ್ಲಿ ಮಾತ್ರ ಎಚ್ಚರ. ತರಕಾರಿ ಎಂದು ಬರೆದಿದ್ದರೂ ಮೀನಿನ ಸಾಸ್ ಬಿದ್ದಿರಬಹುದು. ಫಿಶ್ ಸಾಸ್, ಆಯ್ಸ್ಟರ್ ಸಾಸ್ ಎರಡರ ಹೆಸರನ್ನೂ ಹೇಳಿ ಬೇಡ ಅನ್ನಿ. 'ವೀಗನ್' ಎಂದುಬಿಟ್ಟರೆ ಇನ್ನೂ ಸಲೀಸು, ಮೊಟ್ಟೆಯ ಗೊಂದಲವೂ ಇರುವುದಿಲ್ಲ.

ಮೂರನೇ ದಿನ 19ನೇ ನಂಬರ್ ಟ್ರಾಮ್‌ನಲ್ಲಿ ಬ್ರನ್ಸ್‌ವಿಕ್‌ನ ಸಿಡ್ನಿ ರೋಡ್‌ಗೆ ಹೋಗಿ, ಲೆಬನಾನಿನವರ ಬೇಕರಿಯಲ್ಲಿ ಜಾತರ್ ಎಂಬ ಮಸಾಲೆ ಹಚ್ಚಿದ ಬಿಸಿ ರೊಟ್ಟಿ ತಿನ್ನಿ. ಅಥವಾ ಡ್ಯಾಂಡಿನಾಂಗ್‌ಗೆ ರೈಲು ಹಿಡಿಯಿರಿ. ಫಾಸ್ಟರ್ ಸ್ಟ್ರೀಟ್‌ನ ಲಿಟಲ್ ಇಂಡಿಯಾ ನಿಮಗೇನು ಹೊಸದಲ್ಲ, ಥಾಮಸ್ ಸ್ಟ್ರೀಟ್‌ನ ಆಫ್ಘನ್ ಬಜಾರ್ ನೋಡಿ. ಅಲ್ಲಿನ ಬೊಲಾನಿ, ಅಂದರೆ ಆಲೂಗಡ್ಡೆ ತುಂಬಿದ ರೊಟ್ಟಿ, ನಮ್ಮವರಿಗೆ ಒಪ್ಪುವ ತಿಂಡಿ. ಗ್ರೀಕರ ಓಕ್ಲೀ, ಚೀನೀಯರ ಬಾಕ್ಸ್ ಹಿಲ್ ಮುಂದಿನ ಸಲಕ್ಕಿರಲಿ. ಕಾಫಿ ಈ ಊರಿನ ದೊಡ್ಡ ಹೆಮ್ಮೆ, ಆದರೆ ಬಹುತೇಕ ಕೆಫೆಗಳು ಮಧ್ಯಾಹ್ನ ಮೂರು ನಾಲ್ಕಕ್ಕೆ ಮುಚ್ಚುತ್ತವೆ. ಸಂಜೆ ಕಾಫಿಯ ಚಟ ಇರುವ ನಮಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇಕಾ?

ವಿಮಾನ ನಿಲ್ದಾಣಕ್ಕೆ ರೈಲಿಲ್ಲ. ಸ್ಕೈಬಸ್ ಹತ್ತಿದರೆ ಸದರ್ನ್ ಕ್ರಾಸ್‌ಗೆ ಬಿಡುತ್ತದೆ. ಸಮಯ ಇದ್ದು ದುಡ್ಡು ಉಳಿಸಬೇಕೆಂದರೆ 901 ನಂಬರ್ ಬಸ್ಸಿನಲ್ಲಿ ಬ್ರಾಡ್‌ಮೆಡೋಸ್‌ಗೆ ಹೋಗಿ ರೈಲು ಹಿಡಿಯಬಹುದು. ಅದಕ್ಕೆ ಮೈಕಿ ಸಾಕು.

ಪ್ರಶ್ನೆ: ಭಾರತೀಯರ ಮೇಲೆ ಹಲ್ಲೆ ಅಂತ ಸುದ್ದಿ ನೋಡುತ್ತಿರುತ್ತೇವೆ. ಧೈರ್ಯವಾಗಿ ಬರಬಹುದಾ? – ಮಂಗಳೂರಿನ ಓದುಗರು

ಬರಬಹುದು. ಆದರೆ ಏನೂ ಇಲ್ಲ ಎಂದು ನಾನು ಹೇಳುವುದಿಲ್ಲ. 2009ರಲ್ಲಿ ಇಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾಗಿದ್ದು ನಿಜ. 2025ರ ಆಗಸ್ಟ್ 31ರಂದು ಹಲವು ನಗರಗಳಲ್ಲಿ ವಲಸೆ ವಿರೋಧಿ ಮೆರವಣಿಗೆಗಳು ನಡೆದವು, ಅದರ ಪ್ರಚಾರದಲ್ಲಿ ಭಾರತೀಯರ ಹೆಸರನ್ನೇ ಎತ್ತಿದ್ದರು. ಇಲ್ಲಿ ಬದುಕುವ ನಮ್ಮ ಮನಸ್ಸಿಗೆ ಅದು ತಾಗದೇ ಇಲ್ಲ. ಹಾಗಂತ ಪ್ರವಾಸಿಗರ ದಿನಗಳು ಇದರಲ್ಲಿ ಕಳೆಯುವುದಿಲ್ಲ. ಹೆಚ್ಚಿನವರಿಗೆ ಎದುರಾಗುವುದು ದಾರಿ ಕೇಳಿದರೆ ನಿಂತು ಹೇಳುವ ಜನರೇ. ನಗರದ ಹಲವು ರೈಲು ಸ್ಟೇಷನ್‌ಗಳಲ್ಲಿ ಭದ್ರತಾ ಅಧಿಕಾರಿಗಳು ಇರುತ್ತಾರೆ. ರಾತ್ರಿ ಖಾಲಿ ಬೋಗಿ ಬಿಟ್ಟು ಡ್ರೈವರ್ ಹಿಂದಿನ ಮೊದಲ ಬೋಗಿಯಲ್ಲಿ ಕೂರಿ. ಮೆರವಣಿಗೆ ಕಂಡರೆ ಇನ್ನೊಂದು ಬೀದಿ ಹಿಡಿಯಿರಿ. ಯಾರಾದರೂ ಕುಡಿದು ಕೂಗಾಡಿದರೆ ಉತ್ತರ ಕೊಡಲು ಹೋಗಬೇಡಿ.

ಪ್ರಶ್ನೆ: ಯಾವ ಬಟ್ಟೆ ತರಬೇಕು? – ಹಾಸನದಿಂದ

ಎಲ್ಲ! ಬೇಸಿಗೆಯಲ್ಲೂ ಒಂದು ಜಾಕೆಟ್ ಕೈಯಲ್ಲಿರಲಿ. ಉತ್ತರದ ಒಣನಾಡಿನಿಂದ ಬಿಸಿಗಾಳಿ, ದಕ್ಷಿಣದ ಸಮುದ್ರದಿಂದ ತಣ್ಣನೆ ಗಾಳಿ. ದಿಕ್ಕು ಬದಲಾದರೆ ಸ್ವಲ್ಪ ಹೊತ್ತಿನಲ್ಲೇ ಹದಿನೈದು ಡಿಗ್ರಿ ಇಳಿದುಬಿಡುತ್ತದೆ. 2009ರ ಫೆಬ್ರವರಿ 7ರಂದು ಇಲ್ಲಿ 46.4 ಡಿಗ್ರಿ ಮುಟ್ಟಿತ್ತು. ಬಿಸಿಲು ನಮ್ಮ ಊರಿನ ಬಿಸಿಲಲ್ಲ, ಮೋಡ ಇದ್ದರೂ ಚರ್ಮ ಸುಡುತ್ತದೆ. ಟೋಪಿ, ಸನ್‌ಸ್ಕ್ರೀನ್ ಮರೆಯಬೇಡಿ.

ಪ್ರಶ್ನೆ: ಎಂಸಿಜಿ ಕ್ರಿಕೆಟ್ ಮೈದಾನ ನೋಡಲೇಬೇಕು. ಕಾರು ಬಾಡಿಗೆಗೆ ಪಡೆದು ನಾನೇ ಓಡಿಸಬಹುದಾ? – ಬೆಂಗಳೂರಿನ ಓದುಗರು

ಎಂಸಿಜಿಗೆ ಕಾರು ಯಾಕೆ? ರಿಚ್‌ಮಂಡ್ ಅಥವಾ ಜೊಲಿಮಂಟ್ ಸ್ಟೇಷನ್‌ನಲ್ಲಿ ಇಳಿದರೆ ಎದುರಿಗೇ ಇದೆ. ಪಂದ್ಯ ಇಲ್ಲದ ದಿನಗಳಲ್ಲಿ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಆಸ್ಟ್ರೇಲಿಯಾ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದದ್ದು ಇಲ್ಲೇ, 1977-78ರ ಸರಣಿಯಲ್ಲಿ. ನಮ್ಮ ಮೈಸೂರಿನ ಚಂದ್ರಶೇಖರ್ ಎರಡೂ ಇನಿಂಗ್ಸ್‌ನಲ್ಲಿ 52 ರನ್ನಿಗೆ ಆರಾರು ವಿಕೆಟ್ ಕಿತ್ತಿದ್ದರು. 1981ರಲ್ಲಿ ಭದ್ರಾವತಿಯ ವಿಶ್ವನಾಥ್ ಹೊಡೆದ 114 ರನ್ ಕೂಡ ಇದೇ ಮೈದಾನದಲ್ಲಿ, ಅದೂ ಗೆದ್ದ ಪಂದ್ಯವೇ. ಭಾರತ ಆಡುವ, ಡಿಸೆಂಬರ್ 26ಕ್ಕೆ ಶುರುವಾಗುವ ಬಾಕ್ಸಿಂಗ್ ಡೇ ಟೆಸ್ಟ್ ನೋಡುವ ಆಸೆಯಿದ್ದರೆ ಟಿಕೆಟ್ ಬಿಟ್ಟ ಕೂಡಲೇ ತೆಗೆದುಕೊಳ್ಳಿ. 2024ರಲ್ಲಿ ಐದು ದಿನ ಸೇರಿ 3,73,691 ಜನ ಬಂದಿದ್ದರು.

ಊರ ಹೊರಗೆ ಸುತ್ತಲು ಕಾರು ಒಳ್ಳೆಯದೇ. ಪ್ರವಾಸಿಗರು ಕರ್ನಾಟಕದ ಲೈಸೆನ್ಸ್‌ನಲ್ಲಿ ಓಡಿಸಬಹುದು, ನಮ್ಮಂತೆ ಎಡಗಡೆ ಸಂಚಾರ. ಆದರೆ ನಗರದೊಳಗೆ ಕೆಲವು ಕಡೆ ಬಲಕ್ಕೆ ತಿರುಗಲು ಎಡಗಡೆ ಸಾಲಿಗೆ ಹೋಗಿ, ಅಡ್ಡರಸ್ತೆಗೆ ಹಸಿರು ಬೀಳುವವರೆಗೆ ಕಾಯಬೇಕು. ಟ್ರಾಮ್ ಹಳಿಗಳಿಗೆ ಅಡ್ಡ ಬರಬಾರದು ಎಂದು ಈ 'ಹುಕ್ ಟರ್ನ್'. ಟ್ರಾಮ್ ನಿಂತು ಬಾಗಿಲು ತೆರೆದರೆ ಅದರ ಹಿಂದೆಯೇ ನಿಲ್ಲಬೇಕು. ಹಳ್ಳಿ ಕಡೆ ಮುಸ್ಸಂಜೆ ಹೊತ್ತಿಗೆ ಕಾಂಗರೂ ಅಡ್ಡ ಹಾರುತ್ತವೆ. ಸಿಟಿಲಿಂಕ್, ಈಸ್ಟ್‌ಲಿಂಕ್ ರಸ್ತೆಗಳಲ್ಲಿ ದುಡ್ಡು ಕಟ್ಟುವ ಟೋಲ್ ಗೇಟೇ ಇರುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿದಿರುತ್ತದೆ. ಕಾರು ಪಡೆಯುವಾಗಲೇ ಟೋಲ್ ಯಾರು, ಹೇಗೆ ಕಟ್ಟಬೇಕು ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ಊರಿಗೆ ಮರಳಿದ ಮೇಲೆ ನಿಮ್ಮ ಕ್ರೆಡಿಟ್ ಕಾರ್ಡಿಗೆ ಟೋಲ್‌ನ ಜೊತೆ ಬಾಡಿಗೆ ಕಂಪನಿಯ ಸರ್ವಿಸ್ ಚಾರ್ಜೂ ಬಂದು ಕೂರುತ್ತದೆ.