ಗ್ರಾಂಟ್ ಅರ್ಜಿ ಪದೇ ಪದೇ ರಿಜೆಕ್ಟ್ ಆಗ್ತಿದೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ನಾಲ್ಕು ಎಕರೆಯಲ್ಲಿ ಎರಡು ವರ್ಷದಿಂದ ರಾಸಾಯನಿಕ ಕಮ್ಮಿ ಮಾಡಿ, ಮಣ್ಣು ಬರಿದಾಗಿ ಬಿಡದ ಹಾಗೆ ಹೊದಿಕೆ ಬೆಳೆ ಹಾಕ್ತಿದೀನಿ. ಇದನ್ನ ಇನ್ನೂ ಜಾಸ್ತಿ ಜಾಗಕ್ಕೆ ತರೋಣ ಅಂತ ಮೂರು ಕಡೆ ಗ್ರಾಂಟ್‌ಗೆ (ವಾಪಸ್ ಕೊಡಬೇಕಿಲ್ಲದ ಸಹಾಯಧನಕ್ಕೆ) ಅಪ್ಲೈ ಮಾಡಿದ್ದೆ, ಮೂರೂ ರಿಜೆಕ್ಟ್. ಈಗ ಒಬ್ರು ಮುಂಗಡ ಫೀಸ್ ಕೊಟ್ರೆ ಗ್ಯಾರಂಟಿ ಮಾಡಿಸಿಕೊಡ್ತೀನಿ ಅಂತಿದಾರೆ. ಅರ್ಜಿ ಕಾಪಿ ಕಳಿಸಿದೀನಿ, ನೋಡಿ ಹೇಳಿ.

ಉತ್ತರ: ಮೊದಲು ಆ ಫೀಸ್ ವಿಷಯ. ದಯವಿಟ್ಟು ಕೊಡಬೇಡಿ. ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡೋದು ದುಡ್ಡು ಕೊಡೋ ಸಂಸ್ಥೆಯ ಕಮಿಟಿ, ಹೊರಗಿನೋರು ಗ್ಯಾರಂಟಿ ಕೊಡೋಕೆ ಆಗೋದೇ ಇಲ್ಲ. ಅರ್ಜಿ ಬರೆದುಕೊಟ್ಟ ಕೆಲಸಕ್ಕೆ ಕೂಲಿ ಕೇಳಿದ್ರೆ ಸರಿ, ಮಾಡಿಸಿಕೊಡ್ತೀನಿ ಅನ್ನೋ ಮಾತಿಗಲ್ಲ.

ಇನ್ನು ನಿಮ್ಮ ಅರ್ಜಿ. ಮೊದಲ ಪುಟ ಪೂರ್ತಿ ಟ್ರ್ಯಾಕ್ಟರ್, ಡ್ರಿಪ್, ಶೆಡ್ಡು, ಅಂದ್ರೆ ನಿಮಗೆ ಏನೇನು ಬೇಕು ಅನ್ನೋ ಪಟ್ಟಿನೇ. ಓದೋರು ಹುಡುಕೋದು ಬೇರೆ, ಈ ದುಡ್ಡಿಂದ ಹೊಲದಲ್ಲಿ ಏನು ಬದಲಾಗುತ್ತೆ, ಬದಲಾಯ್ತು ಅಂತ ಹೇಗೆ ತೋರಿಸ್ತೀರ, ಪಕ್ಕದ ರೈತರಿಗೆ ಅದರಿಂದ ಏನು ಸಿಗುತ್ತೆ. ಅಮೆರಿಕದಲ್ಲಿ 1988ರಿಂದ ನಡೀತಿರೋ 'ಸೇರ್' ಅನ್ನೋ ಸುಸ್ಥಿರ ಕೃಷಿ ಕಾರ್ಯಕ್ರಮದಲ್ಲಿ ರೈತರಿಗೇ ಅಂತ ಗ್ರಾಂಟ್ ಇದೆ, ಅಲ್ಲೂ ಕೇಳೋದು ಹೊಲದಲ್ಲಿ ಯಾವ ಐಡಿಯಾ ಪರೀಕ್ಷೆ ಮಾಡ್ತೀರ, ಕಲಿತಿದ್ದನ್ನ ಬೇರೆಯವರಿಗೆ ಹೇಗೆ ಮುಟ್ಟಿಸ್ತೀರ ಅಂತಾನೇ. ಬರೀ ಯಂತ್ರ ಬೇಕು ಅಂದ್ರೆ ಸಾಲ, ಸಬ್ಸಿಡಿ ನೋಡಿ, ಅದೇ ಸರಿಯಾದ ದಾರಿ.

ಇನ್ನೊಂದು ಕಡೆ 'ಒಂದೇ ವರ್ಷದಲ್ಲಿ ಸಾವಯವ ಇಂಗಾಲ ಡಬಲ್ ಮಾಡ್ತೀವಿ' ಅಂತ ಬರ್ದಿದೀರ. ಮಣ್ಣು ಗೊತ್ತಿರೋರು ಅಲ್ಲೇ ಪೆನ್ನು ಕೆಳಗಿಡ್ತಾರೆ. ಕೊಳೆತ ಎಲೆ, ಬೇರಿಂದ ಮಣ್ಣಿಗೆ ಸೇರೋ ಈ ಇಂಗಾಲ ಏರೋದು ತುಂಬಾ ನಿಧಾನ, ವ್ಯತ್ಯಾಸ ಕಣ್ಣಿಗೆ ಕಾಣೋಕೆ ಎಷ್ಟೋ ವರ್ಷ ಬೇಕು. ಬೇಗ ಗೊತ್ತಾಗೋದು ನೀರು ಇಂಗೋದು. 6 ಇಂಚು ಅಗಲದ ಕಬ್ಬಿಣದ ಬಳೆ ಅಥವಾ ಎರಡೂ ಕಡೆ ಬಾಯಿ ತೆರೆದ ಪೈಪ್ ತುಂಡು ತಗೊಂಡು 3 ಇಂಚು ಮಣ್ಣಿಗೆ ಇಳಿಸಿ, ಒಳಗೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಹಾಸಿ ಸುಮಾರು 450 ಎಂಎಲ್ ನೀರು ಹೊಯ್ದು, ಮಣ್ಣು ಕದಡದ ಹಾಗೆ ಹಾಳೆ ಮೆಲ್ಲಗೆ ಎಳ್ಕೊಳ್ಳಿ. ಇದು ಹತ್ತಿರ ಹತ್ತಿರ ಒಂದು ಇಂಚು ಮಳೆ ಬಿದ್ದ ಲೆಕ್ಕ. ಮೊದಲನೇ ಸಲದ್ದು ಮಣ್ಣು ನೆನೆಯೋಕೆ ಬಿಡಿ, ಎರಡನೇ ಸಲ ಹೊಯ್ದಾಗ ಪೂರ್ತಿ ಇಂಗೋಕೆ ಎಷ್ಟು ನಿಮಿಷ ಆಯ್ತು ಅಂತ ಬರ್ಕೊಳ್ಳಿ. ಹೊದಿಕೆ ಬೆಳೆ ಇರೋ ಕಡೆ ಒಂದಿಷ್ಟು ಜಾಗ, ಇಲ್ಲದ ಕಡೆ ಒಂದಿಷ್ಟು ಜಾಗ, ಮೊಬೈಲ್‌ನಲ್ಲಿ ಫೋಟೋ ಸಮೇತ. ಇದನ್ನ ಅರ್ಜಿ ಹಾಕೋಕೆ ಮುಂಚೆನೇ ಮಾಡಿ, ಆಮೇಲೆ ಅಳೆದ್ರೆ ಮೊದಲು ಹೆಂಗಿತ್ತು ಅನ್ನೋದಕ್ಕೆ ಸಾಕ್ಷಿನೇ ಇರಲ್ಲ. ಎರಡು ವರ್ಷ ಬೆವರು ಸುರಿಸಿದೀರ, ಆ ಶ್ರಮ ಪೇಪರ್ ಮೇಲೆ ಕಾಣ್ಲಿಲ್ಲ ಅನ್ನೋದೇ ನನಗೆ ಬೇಜಾರು.

ಎಲ್ಲಿ ಕೇಳಬೇಕು ಅನ್ನೋದೂ ಮುಖ್ಯ. ರೋಮ್‌ನಲ್ಲಿರೋ ಐಫ್ಯಾಡ್ (ವಿಶ್ವಸಂಸ್ಥೆಯ ಕೃಷಿ ಅಭಿವೃದ್ಧಿ ನಿಧಿ) ಹೆಸರು ನೋಡಿ ತುಂಬಾ ಜನ ನೇರ ಅಲ್ಲಿಗೇ ಬರೀತಾರೆ, ಆದ್ರೆ ಅದು ಹೆಚ್ಚಾಗಿ ಸರ್ಕಾರಗಳ ಮೂಲಕ ಕೆಲಸ ಮಾಡೋ ಸಂಸ್ಥೆ, ಒಬ್ಬೊಬ್ಬ ರೈತನಿಗೆ ಅಲ್ಲಿಂದ ಚೆಕ್ ಬರಲ್ಲ. ಪರಿಸರದ ಕೆಲಸಕ್ಕೆ ದುಡ್ಡು ಕೊಡೋ ಜಾಗತಿಕ ನಿಧಿ ಜೆಫ್‌ನ ಸಣ್ಣ ಗ್ರಾಂಟ್ ಕಾರ್ಯಕ್ರಮ ಬೇರೆ ಥರ, 1992ರಲ್ಲಿ ಶುರುವಾಗಿದ್ದು, ವಿಶ್ವಸಂಸ್ಥೆಯ ಅಭಿವೃದ್ಧಿ ಸಂಸ್ಥೆ ಯುಎನ್‌ಡಿಪಿ ನಡೆಸ್ತಾ ಬಂದಿದೆ, ಬಹುಕಾಲ ಸುಮಾರು 50,000 ಡಾಲರ್‌ವರೆಗೆ ಕೊಡ್ತಿತ್ತು, ಆಯಾ ದೇಶದ ಕಮಿಟಿನೇ ಆರಿಸುತ್ತೆ. ಆದ್ರೆ ಸಮುದಾಯದ ಗುಂಪು, ಎನ್‌ಜಿಒಗಳಿಗೆ ಮಾತ್ರ.

ಬಜೆಟ್ ಹಾಕೋವಾಗ ಎರಡು ಕೇಳ್ಕೊಳ್ಳಿ. ದುಡ್ಡು ಮೊದಲೇ ಬರುತ್ತಾ, ಇಲ್ಲ ನೀವು ಖರ್ಚು ಮಾಡಿ ಬಿಲ್ ಕೊಟ್ಟ ಮೇಲಾ? ನಿಮ್ಮ ಪಾಲು ಅಂತ ಎಷ್ಟು ಹಾಕಬೇಕು, ಅದರಲ್ಲಿ ನಿಮ್ಮ ದುಡಿಮೆ, ಜಮೀನು, ಟ್ರ್ಯಾಕ್ಟರ್ ಗಂಟೆ ಲೆಕ್ಕಕ್ಕೆ ಬರುತ್ತಾ? ಎಷ್ಟೋ ಕಡೆ ಬರುತ್ತೆ, ಅದಕ್ಕೇ ಇವತ್ತಿಂದಲೇ ದಿನದ ಲೆಕ್ಕ ಬರೆದಿಡಿ.

ಪ್ರಶ್ನೆ: ನಾವು ಹನ್ನೊಂದು ಜನ ರೈತರು ಒಟ್ಟಿಗೆ ಮಾಡ್ತಿದೀವಿ, ಆದ್ರೆ ಗುಂಪಿಗೆ ನೋಂದಣಿ ಇಲ್ಲ. ಅಪ್ಲೈ ಮಾಡಬಹುದಾ ಮೇಡಂ/ಸರ್?

ಉತ್ತರ: ನೋಂದಣಿ ಆಗಿರೋ ಒಂದು ಸಂಸ್ಥೆ ಜೊತೆ ಸೇರಿ, ಅವರ ಹೆಸರಲ್ಲಿ ಅರ್ಜಿ ಹಾಕೋಕೆ ಎಷ್ಟೋ ಕಡೆ ಅವಕಾಶ ಇರುತ್ತೆ. ಅವರು ಲೆಕ್ಕಪತ್ರಕ್ಕೆ ಎಷ್ಟು ಪರ್ಸೆಂಟ್ ಹಿಡ್ಕೋತಾರೆ, ಗ್ರಾಂಟ್‌ನಲ್ಲಿ ತಗೊಂಡ ಸಾಮಾನು ಪ್ರಾಜೆಕ್ಟ್ ಮುಗಿದ ಮೇಲೆ ಯಾರದ್ದು, ಇವೆರಡನ್ನೂ ದುಡ್ಡು ಬರೋ ಮುಂಚೆ ಬರವಣಿಗೆಯಲ್ಲಿ ಸಹಿ ಸಮೇತ ತಗೊಳ್ಳಿ.