ಅಪ್ಪನ ಹಳೆಯ ಹಾರ್ಡ್ ಡಿಸ್ಕ್ ಹೊಸ ಲ್ಯಾಪ್‌ಟಾಪಿನಲ್ಲಿ ‘ಅನುಮತಿ ಇಲ್ಲ’ ಎನ್ನುತ್ತಿದೆ. ಪಾಸ್‌ವರ್ಡ್ ಇಲ್ಲದೆ ಲೆಕ್ಕಪತ್ರ ತೆಗೆಯಬಹುದೇ?

ತೆಗೆಯಬಹುದು. ಪಾಸ್‌ವರ್ಡ್ ಬೇಕಾಗಿಲ್ಲ.

ನೀವು ಬರೆದಿರುವ ಪ್ರಕಾರ ತಿಪಟೂರಿನ ನಿಮ್ಮ ಕೊಬ್ಬರಿ ಮಂಡಿಯಲ್ಲಿದ್ದ ವಿಂಡೋಸ್ 7 ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಗಿದೆ. ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಮೂಲಕ ವಿಂಡೋಸ್ 11 ಇರುವ ಲ್ಯಾಪ್‌ಟಾಪಿಗೆ ಜೋಡಿಸಿದ್ದೀರಿ. ಡ್ರೈವ್ ಕಾಣಿಸುತ್ತಿದೆ, ತಂದೆಯವರ ಹೆಸರಿನ ಫೋಲ್ಡರ್ ಮಾತ್ರ ತೆರೆಯುತ್ತಿಲ್ಲ. ಅಂಗಡಿಯವರೊಬ್ಬರು ‘ಡೇಟಾ ರಿಕವರಿ’ ಎಂದು ಸಾವಿರಗಟ್ಟಲೆ ಹಣ ಕೇಳಿದ್ದಾರೆ. ಆ ಹಣ ನಿಮ್ಮ ಜೇಬಿನಲ್ಲೇ ಇರಲಿ. ತುಮಕೂರಿನಲ್ಲಿ ನಾನೂ ಇದೇ ಕಸುಬು ಮಾಡುವವನು. ಕಳೆದುಹೋಗದೇ ಇರುವುದನ್ನು ‘ರಿಕವರಿ’ ಮಾಡಿಕೊಡುವುದಾಗಿ ಹೇಳಿ ದುಡ್ಡು ಕೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆಗಿರುವುದು ಇಷ್ಟು. ನಿಮ್ಮ ಡಿಸ್ಕ್ ಎನ್‌ಟಿಎಫ್‌ಎಸ್ ಎಂಬ, ಫೈಲುಗಳನ್ನು ಜೋಡಿಸಿಡುವ ಪದ್ಧತಿಯಲ್ಲಿದೆ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆಗೆ ಬಂದ ಈ ಪದ್ಧತಿಯಲ್ಲಿ ಪ್ರತಿಯೊಂದು ಫೈಲಿಗೂ ಮಾಲೀಕ ಯಾರು, ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಪಟ್ಟಿ ಅಂಟಿಕೊಂಡಿರುತ್ತದೆ. ಆ ಪಟ್ಟಿಯಲ್ಲಿ ಇರುವುದು ನಿಮ್ಮ ತಂದೆಯವರ ಹೆಸರಲ್ಲ, ಹಳೆಯ ಕಂಪ್ಯೂಟರ್ ಅವರ ಖಾತೆಗೆ ಕೊಟ್ಟಿದ್ದ ಒಂದು ಉದ್ದನೆಯ ಸಂಖ್ಯೆ. ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಸೆಕ್ಯುರಿಟಿ ಪುಟದಲ್ಲಿ ಅಡ್ವಾನ್ಸ್ಡ್ ಒತ್ತಿ ನೋಡಿ. ಹೆಸರು ಇರಬೇಕಾದ ಜಾಗದಲ್ಲಿ ‘ಎಸ್-1-5-21’ ಎಂದು ಶುರುವಾಗಿ ಸಾಲಿನುದ್ದಕ್ಕೂ ಅಂಕಿಗಳು ಕಾಣಬಹುದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯೂ ಇರಬಹುದು. ಅದೇ ನಿಮ್ಮ ತಂದೆಯವರು! ಹೊಸ ಲ್ಯಾಪ್‌ಟಾಪಿಗೆ ಈ ಸಂಖ್ಯೆಯ ಪರಿಚಯವಿಲ್ಲ. ನೀವು ಅದರಲ್ಲಿ ತಂದೆಯವರ ಹೆಸರಿನಲ್ಲೇ, ಅದೇ ಪಾಸ್‌ವರ್ಡ್ ಕೊಟ್ಟು ಹೊಸ ಖಾತೆ ತೆರೆದರೂ ಸಂಖ್ಯೆ ಬೇರೆಯಾಗಿಯೇ ಹುಟ್ಟುತ್ತದೆ. ಹಾಗಾಗಿ ಆ ದಾರಿ ಹಿಡಿಯಬೇಡಿ.

ಪಹಣಿಯಲ್ಲಿ ಹಳೆಯ ಮಾಲೀಕರ ಹೆಸರು ಉಳಿದಿರುವ ಜಮೀನಿನಂತೆ ಇದು. ಬೇಕಿರುವುದು ಖಾತೆ ಬದಲಾವಣೆ, ಬೀಗ ಒಡೆಯುವುದಲ್ಲ. ಯಾವುದೇ ವಿಂಡೋಸ್‌ನ ಅಡ್ಮಿನಿಸ್ಟ್ರೇಟರ್‌ಗೆ ಆ ಅಧಿಕಾರ ಇದ್ದೇ ಇರುತ್ತದೆ. ತಂದೆಯವರು ಮರೆತಿರುವ ಪಾಸ್‌ವರ್ಡ್ ಆ ಹಳೆಯ ವಿಂಡೋಸ್‌ನೊಳಗೆ ಲಾಗಿನ್ ಆಗುವುದಕ್ಕೆ ಮಾತ್ರ. ಡಿಸ್ಕಿನಲ್ಲಿರುವ ಅಕ್ಷರಗಳಿಗೆ ಅದು ಕಾವಲಲ್ಲ.

ಕೆಲಸಕ್ಕೆ ಕೈ ಹಾಕುವ ಮೊದಲು ಡಿಸ್ಕಿಗೆ ಕಿವಿ ಕೊಟ್ಟು ಕೇಳಿ. ಒಂದೇ ಸಮನೆ ತಿರುಗುವ ಸದ್ದಾದರೆ ಸರಿ. ಟಕ್, ಟಕ್ ಎಂದು ಲಯಬದ್ಧವಾಗಿ ಬಡಿಯುತ್ತಿದ್ದರೆ ತಕ್ಷಣ ಆಫ್ ಮಾಡಿ ಪಕ್ಕಕ್ಕಿಡಿ. ಅದು ಒಳಗಿನ ಯಂತ್ರಭಾಗದ ತೊಂದರೆ, ಆಗ ಮಾತ್ರ ನಿಜವಾದ ರಿಕವರಿಯವರು ಬೇಕಾಗುತ್ತಾರೆ. ‘ಈ ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕೇ’ ಎಂಬ ಪ್ರಶ್ನೆ ಪರದೆಯ ಮೇಲೆ ಎದ್ದುಬಂದರೆ ಕ್ಯಾನ್ಸಲ್ ಒತ್ತಿ, ಎಷ್ಟು ಸಲ ಕೇಳಿದರೂ ಅದೇ ಉತ್ತರ.

ಇನ್ನು ದಾರಿ. ಹಳೆಯ ಡ್ರೈವಿನಲ್ಲಿ ‘ಯೂಸರ್ಸ್’ ಎಂಬ ಫೋಲ್ಡರಿನೊಳಗೆ ತಂದೆಯವರ ಫೋಲ್ಡರ್ ಇರುತ್ತದೆ. ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್’ ಎಂಬುದೂ ಮಬ್ಬಾಗಿ ಕಾಣಬಹುದು, ಅದನ್ನು ತೆರೆಯಲು ಒದ್ದಾಡಬೇಡಿ. ವಿಂಡೋಸ್ ವಿಸ್ತಾದಿಂದ ಈಚೆಗೆ ಅದು ಹಳೆಯ ತಂತ್ರಾಂಶಗಳಿಗಾಗಿ ನೆಟ್ಟ ಕೈಮರ ಅಷ್ಟೇ, ಒಳಗೆ ಏನೂ ಇಲ್ಲ. ತಂದೆಯವರ ಫೋಲ್ಡರ್ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಅನುಮತಿ ಇಲ್ಲ ಎಂಬ ಸಂದೇಶದ ಕೆಳಗೆ ‘ಕಂಟಿನ್ಯೂ’ ಗುಂಡಿ ಇರುತ್ತದೆ. ಹೆಚ್ಚಿನವರು ಹೆದರಿ ಮುಚ್ಚಿಬಿಡುವುದು ಇಲ್ಲೇ. ಅದನ್ನು ಒತ್ತಿ. ಮೇಲೆ ಹಸಿರು ಪಟ್ಟಿ ನಿಧಾನವಾಗಿ ಹರಿಯುತ್ತದೆ. ವರ್ಷಗಳ ಫೈಲುಗಳಿದ್ದರೆ ಸಾಕಷ್ಟು ಹೊತ್ತು ಹಿಡಿಯಬಹುದು. ಕೆಟ್ಟು ನಿಂತಿದೆ ಎಂದುಕೊಂಡು ವೈರ್ ಕೀಳಬೇಡಿ. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ.

ಮುಗಿಯದಿದ್ದರೆ ಮೊದಲು ಹೇಳಿದ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ, ಓನರ್ ಎಂಬಲ್ಲಿ ಚೇಂಜ್ ಒತ್ತಿ, ಹೊಸ ಲ್ಯಾಪ್‌ಟಾಪಿನಲ್ಲಿರುವ ನಿಮ್ಮ ಖಾತೆಯ ಹೆಸರು ಕೊಡಿ. ಒಳಗಿನ ಫೋಲ್ಡರುಗಳಿಗೂ ಇದೇ ಮಾಲೀಕತ್ವ ಅನ್ವಯಿಸಲಿ ಎಂಬ ಚೌಕ ಆಗ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಗುರುತು ಹಾಕಿ. ಒಮ್ಮೆ ಎಲ್ಲವನ್ನೂ ಮುಚ್ಚಿ ಮತ್ತೆ ಅದೇ ಪುಟಕ್ಕೆ ಬಂದು, ಆ್ಯಡ್ ಒತ್ತಿ ನಿಮಗೆ ಫುಲ್ ಕಂಟ್ರೋಲ್ ಕೊಟ್ಟುಕೊಳ್ಳಿ. ಮಾಲೀಕನಾದ ಮಾತ್ರಕ್ಕೆ ಓದುವ ಹಕ್ಕು ತಾನಾಗಿ ಬರುವುದಿಲ್ಲ, ಆದ್ದರಿಂದ ಈ ಎರಡನೆಯ ಹೆಜ್ಜೆ. ಇದನ್ನು ತಂದೆಯವರ ಫೋಲ್ಡರಿಗೆ ಮಾತ್ರ ಮಾಡಿ. ಇಡೀ ಡ್ರೈವಿಗೆ ಮಾಡಿದರೆ ವಿಂಡೋಸ್‌ನದೇ ಫೋಲ್ಡರುಗಳ ಮಾಲೀಕತ್ವವೂ ಬದಲಾಗಿ, ಮುಂದೆ ಆ ಡಿಸ್ಕಿನಿಂದ ಹಳೆಯ ವಿಂಡೋಸ್ ಎಬ್ಬಿಸಬೇಕೆಂದಾಗ ಅದು ಮುಷ್ಕರ ಹೂಡಬಹುದು.

ಡಿಸ್ಕಿನ ಮೇಲೆ ಏನನ್ನೂ ಬರೆಯಲು ಇಷ್ಟವಿಲ್ಲವೆಂದರೆ ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲ್ಯಾಪ್‌ಟಾಪ್ ಶುರುಮಾಡಿ. ಅದು ಸಾಮಾನ್ಯವಾಗಿ ವಿಂಡೋಸ್‌ನ ಈ ಪಟ್ಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಫೈಲುಗಳನ್ನು ತೋರಿಸುತ್ತದೆ. ಡಿಸ್ಕಿನ ಆರೋಗ್ಯದ ಬಗ್ಗೆ ಅನುಮಾನ ಇದ್ದರೆ ನನಗೆ ಈ ದಾರಿಯೇ ಮೇಲು.

ಈ ಉತ್ತರ ಓದುವ ಬೇರೆಯವರಿಗೆ ಒಂದು ಮಾತು: ಮೇಲಿನದೆಲ್ಲ ಅನುಮತಿಯ ತೊಡಕಿಗೆ, ಗೂಢಲಿಪೀಕರಣಕ್ಕಲ್ಲ (ಎನ್‌ಕ್ರಿಪ್ಷನ್, ಅಂದರೆ ಕೀ ಇಲ್ಲದೆ ಓದಲಾಗದಂತೆ ಡೇಟಾವನ್ನೇ ಬದಲಿಸಿಡುವುದು). ಡ್ರೈವಿನ ಚಿತ್ರದ ಮೇಲೆ ಬೀಗ ಇದ್ದು 48 ಅಂಕಿಗಳ ರಿಕವರಿ ಕೀ ಕೇಳಿದರೆ ಅದು ಬಿಟ್‌ಲಾಕರ್, ಇಡೀ ಡ್ರೈವನ್ನು ಹಾಗೆ ಗೂಢಲಿಪಿಗೆ ತಿರುಗಿಸುವ ವಿಂಡೋಸ್‌ನದೇ ಸೌಲಭ್ಯ. ವಿಂಡೋಸ್ 7ರಲ್ಲಿ ಅದು ಅಲ್ಟಿಮೇಟ್ ಮತ್ತು ಎಂಟರ್‌ಪ್ರೈಸ್ ಆವೃತ್ತಿಗಳಲ್ಲಿ ಮಾತ್ರ ಇತ್ತು, ನಿಮ್ಮ ಡ್ರೈವಿನೊಳಗಿನ ಫೋಲ್ಡರ್ ಹೇಗೂ ಕಾಣಿಸುತ್ತಿರುವುದರಿಂದ ಮಂಡಿಯ ಕಂಪ್ಯೂಟರಿಗೆ ಆ ಚಿಂತೆ ಬೇಡ. ಆದರೆ ಈಚಿನ ಲ್ಯಾಪ್‌ಟಾಪುಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಅದು ಚಾಲೂ ಆಗಿರುವುದುಂಟು. ಕೀ ಇರುವುದು ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅಲ್ಲೂ ಇಲ್ಲ, ಬೇರೆಲ್ಲೂ ಬರೆದಿಟ್ಟಿಲ್ಲ ಎಂದರೆ ಡೇಟಾ ಹೋದಂತೆಯೇ, ಯಾವ ಅಂಗಡಿಯವರ ಮಾತಿಗೂ ಮರುಳಾಗಬೇಡಿ.

ಫೋಲ್ಡರ್ ತೆರೆದ ಮೇಲೆ ಮೊದಲು ಎಲ್ಲವನ್ನೂ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಳ್ಳಿ, ಓದುವುದು ಆಮೇಲೆ. ಮಂಡಿಯ ಲೆಕ್ಕ ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶದಲ್ಲಿದ್ದರೆ ಅದು ತಂದೆಯವರ ಫೋಲ್ಡರಿನಲ್ಲಿ ಸಿಗದೇ ಇರಬಹುದು. ಅದರ ಹಳೆಯ ಆವೃತ್ತಿ ಟ್ಯಾಲಿ ಇಆರ್‌ಪಿ 9 ಸಾಮಾನ್ಯವಾಗಿ ಡೇಟಾ ಇಡುವುದು ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರಿನಲ್ಲಿ, 10000 ಎಂಬಂಥ ಅಂಕಿಯ ಹೆಸರಿನಲ್ಲಿ. ಅಂಕಿ ನೋಡಿ ಕಸವೆಂದು ಅಳಿಸಬೇಡಿ, ಒಂದೊಂದೂ ಒಂದೊಂದು ಕಂಪನಿಯ ಲೆಕ್ಕ. ಹೊಸ ಆವೃತ್ತಿಯಾದ ಟ್ಯಾಲಿ ಪ್ರೈಮ್‌ಗೆ ಬದಲಾಯಿಸುವಾಗ ನಕಲಿನ ಮೇಲೆ ಕೆಲಸ ಮಾಡಿ, ಮೂಲವನ್ನು ಮುಟ್ಟಬೇಡಿ.

ಕೊನೆಯಲ್ಲಿ, ಹಳೆಯ ಕನ್ನಡ ಪತ್ರಗಳು ಓದಲು ಬರುತ್ತಿಲ್ಲ, ಕೆಟ್ಟಿವೆಯೇ ಎಂದು ನೀವು ಕೇಳಿರುವ ವಿಷಯ. ಅವು ಕೆಟ್ಟಿಲ್ಲ. ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಕಾಣುತ್ತಿವೆ ಎಂದರೆ ಅವು ಯುನಿಕೋಡ್‌ಗೆ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ) ಮುಂಚಿನ ರೀತಿಯಲ್ಲಿ ಟೈಪ್ ಆದ ಕನ್ನಡ, ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದನ್ನು ಹಾಕಿದರೆ ಹೆಚ್ಚಿನವು ಸರಿಯಾಗಿ ಕಾಣುತ್ತವೆ. ಆಮೇಲೆ ಪರಿವರ್ತಕದಿಂದ ಯುನಿಕೋಡ್‌ಗೆ ತಂದಿಟ್ಟುಕೊಳ್ಳಿ. ನುಡಿ ಹಾಕಿದ ಮೇಲೂ ಅಕ್ಷರ ಕೂಡದಿದ್ದರೆ ವರ್ಡ್‌ನಲ್ಲಿ ಆ ಸಾಲಿನ ಮೇಲೆ ಕರ್ಸರ್ ಇಟ್ಟು, ಫಾಂಟ್ ಪೆಟ್ಟಿಗೆಯಲ್ಲಿ ಯಾವ ಹೆಸರು ತೋರುತ್ತದೆ ಎಂದು ಇಲ್ಲೇ ಬರೆಯಿರಿ. ಅದು ‘ಬರಹ’ ತಂತ್ರಾಂಶದ್ದೋ ‘ಶ್ರೀಲಿಪಿ’ ತಂತ್ರಾಂಶದ್ದೋ ನೋಡಿ ಹೇಳುತ್ತೇನೆ.